ಮಾವ, ಮೂರು ಕೊಟೇಶನ್ ಮತ್ತು ಬೇಟೆ ಕ್ಯಾಮೆರಾ

ಡಿಸೆಂಬರ್ ಹದಿಮೂರು, ಶನಿವಾರ, ಬೆಳಗ್ಗೆ ಏಳು ಇಪ್ಪತ್ತಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ತಾರೀಕು, ಗಂಟೆ ಹಾಕದೆ ನನಗೆ ಒಂದು ವಾಕ್ಯವೂ ಹೊರಡುವುದಿಲ್ಲ. ಹೈಸ್ಕೂಲಿನಿಂದ ಡೈರಿ ಬರೆಯುತ್ತಿರುವವಳು ನಾನು. ಬಂದ ಸಿಟ್ಟಿಗೂ ತಾರೀಕು ಹಾಕಿಯೇ ಇಟ್ಟಿದ್ದೇನೆ. ಈ ವರ್ಷದ ಸಿಟ್ಟುಗಳನ್ನೆಲ್ಲ ಕೂಡಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಒಬ್ಬರದೇ ಖಾತೆಗೆ ಹೋಗುತ್ತವೆ. ಅವರು ನನ್ನ ಸೋದರಮಾವ.

ಮೂರು ಕೊಟೇಶನ್ ಇಲ್ಲದೆ ನನ್ನ ಮಾವ ಈ ಲೋಕದಲ್ಲಿ ಮಾಡಿದ ಕೆಲಸ ಒಂದೇ: ಹುಟ್ಟಿದ್ದು. ಅದು ಅವರ ಕೈಯಲ್ಲಿರಲಿಲ್ಲ, ಇದ್ದಿದ್ದರೆ ಇನ್ನೆರಡು ಮನೆ ವಿಚಾರಿಸದೆ ಬಿಡುತ್ತಿರಲಿಲ್ಲ.

ಮಾವ ದುಬೈಯ ಒಂದು ಕಟ್ಟಡ ಸಾಮಗ್ರಿ ಕಂಪೆನಿಯಲ್ಲಿ ಪರ್ಚೇಸ್ ಆಫೀಸರ್. ಅಂದರೆ ಕಂಪೆನಿಗೆ ಮೊಳೆಯಿಂದ ಕ್ರೇನಿನವರೆಗೆ ಏನು ಬೇಕಾದರೂ ಕೊಳ್ಳುವವರು. ಈ ಕೆಲಸಕ್ಕೆ ಒಂದು ನಿಯಮವಿದೆ. ಏನೇ ಕೊಳ್ಳುವುದಿದ್ದರೂ ಮೂರು ಅಂಗಡಿಯಿಂದ ಕೊಟೇಶನ್ ತರಿಸಬೇಕು, ಮೂರನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ಹೋಲಿಸಬೇಕು, ಆಮೇಲೆ ಆರಿಸಬೇಕು. ನಿಯಮ ಒಳ್ಳೆಯದೇ. ಆಫೀಸಿನ ನಿಯಮವನ್ನು ಆಫೀಸಿನಲ್ಲೇ ಬಿಟ್ಟು ಬರುವವರ ಕೈಯಲ್ಲಿ ಅದು ಒಳ್ಳೆಯದು. ನನ್ನ ಮಾವ ತಮ್ಮ ಮನೆಯಿರುವ ಕರಾಮ ಬಡಾವಣೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಮೂರು ಅಂಗಡಿ ಹತ್ತಿ ಇಳಿಯುತ್ತಾರೆ. ಕ್ಷೌರಕ್ಕೆ ಮೂವರನ್ನು ವಿಚಾರಿಸುತ್ತಾರೆ, ಪ್ರತಿ ಸಲವೂ, ತಲೆಯ ಮೇಲೆ ಉಳಿದ ಕೂದಲು ಒಬ್ಬನಿಗೇ ಸಾಲದು ಎಂಬುದು ಗೊತ್ತಿದ್ದೂ.

"ಒಂದು ಕೊಟೇಶನ್ ಅಂದ್ರೆ ನಂಬಿಕೆ. ಎರಡು ಅಂದ್ರೆ ಜಗಳ. ಮೂರು ಅಂದ್ರೆ ನಿರ್ಧಾರ. ಬರ್ಕೋ ನಿನ್ನ ಡೈರಿಯಲ್ಲಿ," ಎನ್ನುತ್ತಾರೆ. ಬರೆದುಕೊಂಡಿದ್ದೇನೆ. ಸಿಟ್ಟಿನ ಪುಟದಲ್ಲಿ.

ಮದುವೆಗೂ ಅವರು ಮೂರು ಹುಡುಗಿಯರನ್ನು ನೋಡಿದ್ದರಂತೆ. ಅತ್ತೆ ಎರಡನೆಯವರು.

"ನೀವು ಹೇಗೆ ಪಾಸಾದದ್ದು ಅತ್ತೆ?" ಎಂದು ನಾನೊಮ್ಮೆ ಕೇಳಿದೆ.

"ಚಂದ ನೋಡಿ ಅಂತ ತಿಳ್ಕೊಂಡ್ಯಾ? ಮೊದಲನೆಯವಳ ಮನೆಯವರು ಆರು ತಿಂಗಳು ಸಮಯ ಕೇಳಿದ್ರು. ಮೂರನೆಯವರು ಉತ್ತರವೇ ಕೊಡ್ಲಿಲ್ಲ. ನನ್ನಪ್ಪ ಹದಿನೈದು ದಿನದಲ್ಲಿ ಮಾಡಿ ಕೊಡ್ತೇನೆ ಅಂದ್ರು. ಸಪ್ಲೈ ಬೇಗ ಆಯ್ತು, ಅಷ್ಟೆ."

ಸೋಫಾದಿಂದ ಮಾವನ ಧ್ವನಿ ಬಂತು: "ವಾರಂಟಿ ಬಗ್ಗೆ ಮಾತ್ರ ಕೇಳ್ಲಿಕ್ಕೆ ಮರ್ತೆ."

ಇಷ್ಟರವರೆಗೆ ನಗಬಹುದು. ನನ್ನ ವಿಷಯಕ್ಕೆ ಬಂದಾಗ ನಗು ಬರುವುದಿಲ್ಲ. ನನಗೆ ಕೆಲಸ ಸಿಕ್ಕಿದ್ದು ಅಬುಧಾಬಿಯಲ್ಲಿ, ಎಲೆಕ್ಟ್ರಾ ಸ್ಟ್ರೀಟಿಗೆ ಹತ್ತಿರದ ಒಂದು ಆಫೀಸಿನಲ್ಲಿ. ಮಾವನ ಮನೆ ಇರುವುದು ದುಬೈಯಲ್ಲಿ, ಕರಾಮದ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ. ಬುದ್ಧಿ ಇರುವ ಯಾರಾದರೂ ಏನು ಮಾಡುತ್ತಾರೆ? ಅಬುಧಾಬಿಯಲ್ಲಿ ಒಂದು ರೂಮು ಹಿಡಿಯುತ್ತಾರೆ. ನಾನೂ ಹಿಡಿಯಲು ಹೊರಟೆ.

"ಮೂರು ನೋಡು. ನಾನು ಬಂದು ಪಾಸ್ ಮಾಡ್ತೇನೆ," ಎಂದರು ಮಾವ.

ಮೂರು ನೋಡಿದೆ. ಮಾವ ಬಂದರು. ಮೊದಲನೆಯ ರೂಮಿಗೆ ಕಿಟಕಿ ಇತ್ತು, ಆದರೆ ಕಿಟಕಿಯಿಂದ ಕಾಣುವುದು ಇನ್ನೊಂದು ಕಿಟಕಿ ಎಂದು ಬಿಟ್ಟರು. ಎರಡನೆಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು, ಹತ್ತಿ ಬರುವುದು ಕಷ್ಟ ಎಂದು ಬಿಟ್ಟರು. ಮೂರನೆಯದರಲ್ಲಿ ಲಿಫ್ಟ್ ಬಹಳ ಚೆನ್ನಾಗಿತ್ತು.

"ಇದು ಆಗ್ಲಿಕ್ಕಿಲ್ಲ," ಎಂದರು. "ಇಷ್ಟು ಸಲೀಸು ಲಿಫ್ಟ್ ಇದ್ರೆ ಯಾರು ಬೇಕಾದ್ರೂ ಹತ್ತಿ ಬರ್ಬಹುದು."

ಮೂರೂ ಫೇಲ್. ಹೊಸ ಮೂರು ತರಿಸು ಎಂದರು. ಹೊಸ ಮೂರೂ ಫೇಲ್. ಅಲ್ಲಿಂದ ಇಲ್ಲಿಯವರೆಗೆ ನಾನು ದಿನಾ ಬೆಳಗ್ಗೆ ಮೆಟ್ರೊ ಹಿಡಿದು, ಬಸ್ ಹಿಡಿದು ಅಬುಧಾಬಿಗೆ ಹೋಗುತ್ತೇನೆ. ಸಂಜೆ ಬಸ್ ಹಿಡಿದು, ಮೆಟ್ರೊ ಹಿಡಿದು ಕರಾಮಕ್ಕೆ ಬರುತ್ತೇನೆ. ಹೆದ್ದಾರಿಯಲ್ಲಿ ಟ್ರಾಫಿಕ್ ಇದ್ದರೆ ಎಂಟಾಗುತ್ತದೆ, ಅಪಘಾತ ಏನಾದರೂ ಆಗಿದ್ದರೆ ಒಂಬತ್ತು. ಸಂಜೆ ಹೊತ್ತು ಅತ್ತೆ ಮನೆಯಲ್ಲಿರುವುದಿಲ್ಲ. ಕ್ಲಿನಿಕ್ ಒಂದರ ಔಷಧಿ ಅಂಗಡಿಯಲ್ಲಿ ಅವರಿಗೆ ಸಂಜೆ ಪಾಳಿ. ಮನೆಯಲ್ಲಿರುವುದು ಮಾವ ಒಬ್ಬರೇ. ಕಾಲು ಸೋತು, ಬ್ಯಾಗು ಹೆಗಲಿನಿಂದ ಜಾರುತ್ತ ನಾನು ಬೀಗ ತೆರೆದು ಒಳಗೆ ಬಂದರೆ ಸೋಫಾದಲ್ಲಿ ಮಾವ, ಮುಖದ ಮುಂದೆ ಅಗಲವಾಗಿ ಬಿಡಿಸಿದ ಪತ್ರಿಕೆ. "ಬಂದ್ಯಾ" ಎಂದು ಕೇಳುವುದಿಲ್ಲ. "ಊಟ ಆಯ್ತಾ" ಎಂದು ಕೇಳುವುದಿಲ್ಲ. ಪತ್ರಿಕೆಯ ಹಿಂದಿನಿಂದ ಬರುವ ಮಾತು ಒಂದೇ:

"ಬಾಗಿಲು ಹಾಕು. ಎ.ಸಿ. ಹೋಗ್ತದೆ."

ಒಂದು ದಿನವಲ್ಲ, ಎರಡು ದಿನವಲ್ಲ. ನಾನು ಒಂದು ತಿಂಗಳು ಬರೆದಿಟ್ಟು ನೋಡಿದೆ. ಪ್ರತಿ ಸಂಜೆ ಅದೇ ಮಾತು, ಅದೇ ಕ್ರಮದಲ್ಲಿ. ಗಾಜಿನ ಪೆಟ್ಟಿಗೆಯ ಮೀನಿಗೂ ಮನುಷ್ಯರು ಇದಕ್ಕಿಂತ ಹೆಚ್ಚು ಮಾತನಾಡುತ್ತಾರೆ!

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನಾನು ಬಂದು ಹತ್ತು ನಿಮಿಷವಾಗುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಮಾವ ಸೋಫಾದ ದಿಂಬು ಎತ್ತಿ ನೋಡುವುದು, ಟೀವಿಯ ಹಿಂದೆ ಕೈ ಹಾಕುವುದು, ಕೊನೆಗೆ ಬಾಗಿಲ ಹತ್ತಿರದಿಂದ ಕೂಗುವುದು:

"ನನ್ನ ಕನ್ನಡಕವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟದ್ದು ಯಾರು?"

"ನಾನಲ್ಲ ಮಾವ. ನಾನು ಈಗ ತಾನೇ ಬಂದದ್ದು."

"ಅದೇ ಹೇಳುದು. ನೀನು ಬಂದ ಮೇಲೆಯೇ ಅದು ಅಲ್ಲಿಗೆ ಹೋಗುದು."

ಕನ್ನಡಕವಿಲ್ಲದಿದ್ದರೆ ಮಾವನಿಗೆ ಪತ್ರಿಕೆಯ ಹೆಸರೂ ಕಾಣುವುದಿಲ್ಲ. ಆ ಮಟ್ಟಿಗೆ ಅವರ ಕಾಳಜಿ ನ್ಯಾಯವಾದದ್ದೇ. ಆದರೆ ಆರೋಪ ನನ್ನ ಮೇಲೆ ಯಾಕೆ?

ಇಂಥ ಮಾವನ ವೀಸಾ ಈ ಡಿಸೆಂಬರಿಗೆ ಮುಗಿಯುತ್ತದೆ. ನಿವೃತ್ತಿ. ಜನವರಿಯಲ್ಲಿ ಅತ್ತೆ, ಮಾವ ಇಬ್ಬರೂ ಪುತ್ತೂರಿಗೆ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಕಂಪೆನಿಗೆ ಸಾಮಾನು ಕೊಂಡ ಮನುಷ್ಯನಿಗೆ ಹೆಮ್ಮೆ ಪಡಲು ಒಂದೇ ವಿಷಯವಿದೆ: ಅವರು ಕೊಂಡ ಯಾವ ಸಾಮಾನೂ ಇದುವರೆಗೆ ವಾಪಸ್ ಬಂದಿಲ್ಲ. "ನನ್ನ ಫೈಲಿನಲ್ಲಿ ಒಂದು ರಿಟರ್ನ್ ಇಲ್ಲ" ಎಂಬುದನ್ನು ಅವರು, ಬೇರೆಯವರು ತಮ್ಮ ಮಕ್ಕಳು ಡಾಕ್ಟರಾದದ್ದನ್ನು ಹೇಳುವಂತೆ ಹೇಳುತ್ತಾರೆ. ಇನ್ನೊಂದೂವರೆ ತಿಂಗಳು ಸಿಮೆಂಟು, ಟೈಲ್ಸು ಕೊಂಡುಕೊಂಡಿದ್ದರೆ ಆ ಫೈಲು ಹಾಗೆಯೇ ಮುಚ್ಚುತ್ತಿತ್ತು. ಆಗ ಬಂತು ಅರ್ಬಾಬರ ಫೋನು.

ಅರ್ಬಾಬ್ ಎಂದರೆ ಕಂಪೆನಿಯ ಯಜಮಾನರು, ಇಲ್ಲಿಯವರೇ. ಚಳಿಗಾಲ ಬಂತೆಂದರೆ ಅವರು ಗಿಡುಗಗಳನ್ನು ಕಟ್ಟಿಕೊಂಡು ಗೆಳೆಯರ ಜೊತೆ ಅನುಮತಿಯಿರುವ ಬೇಟೆ ಮೈದಾನಕ್ಕೆ ಹೊರಡುತ್ತಾರೆ. ಈ ಸಲ ಅವರಿಗೆ ಹನ್ನೆರಡು ಟ್ರೇಲ್ ಕ್ಯಾಮೆರಾ ಬೇಕಾಗಿತ್ತು. ಗೂಟಕ್ಕೆ ಬೆಲ್ಟ್ ಹಾಕಿ ಬಿಗಿದು ಬಂದರೆ, ಎದುರಿಗೆ ಬಿಸಿ ಮೈಯ ಪ್ರಾಣಿ ಅಲುಗಾಡಿದಾಗ ತಾನಾಗಿ ಫೋಟೋ ಹೊಡೆಯುವ ಪೆಟ್ಟಿಗೆ ಅದು; ಊರಿಗೆ ಚಿರತೆ ಬಂದಾಗ ಅರಣ್ಯ ಇಲಾಖೆಯವರು ಕಟ್ಟುತ್ತಾರಲ್ಲ, ಅದೇ. ನೀರಿನ ತೊಟ್ಟಿಗೆ ಯಾವ ಪ್ರಾಣಿ ಯಾವ ಹೊತ್ತಿಗೆ ಬರುತ್ತದೆ ಎಂದು ತಿಳಿಯಲು. ಕ್ಯಾಮೆರಾ ಮತ್ತು ವಾರಗಟ್ಟಲೆ ಬಾಳುವ ಬ್ಯಾಟರಿ, ಎರಡನ್ನೂ ಆರಿಸಿ ಕೊಡುವ ಕೆಲಸ ಮಾವನಿಗೆ ಬಂತು.

ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದ, ಜಿರಳೆ ಕಂಡರೆ ರಟ್ಟಿನಲ್ಲಿ ಎತ್ತಿ ಮೆಟ್ಟಿಲಿನವರೆಗೆ ಬಿಟ್ಟು ಬರುವ ನನ್ನ ಮಾವನಿಗೆ ಬೇಟೆಯ ಸಾಮಾನು!

"ಡಿಸೆಂಬರ್ ಎರಡನೇ ವಾರ ಹೊರಡ್ತಾರಂತೆ," ಎಂದರು ಮಾವ. "ಅಷ್ಟರಲ್ಲಿ ಆಗ್ದಿದ್ರೆ ಖಲಾಸ್, ಹೊಸ ಹುಡುಗ ಫೋನಿನಲ್ಲಿ ಆರ್ಡರ್ ಮಾಡ್ತಾನೆ ಅಂದ್ರು. ಒಂದು ಕೊಟೇಶನ್ ಇಲ್ಲದೆ! ನನ್ನ ಕುರ್ಚಿಯಲ್ಲಿ ಕೂತು!"

"ಮಾಡ್ಲಿ ಬಿಡಿ," ಎಂದರು ಅತ್ತೆ.

"ಇದು ನನ್ನ ಕೊನೆಯ ಪರ್ಚೇಸ್ ಮಾರಾಯ್ತಿ," ಎಂದರು ಮಾವ.

ಮಾವನ ಕೊನೆಯ ಪರ್ಚೇಸಿಗೆ ಬಲಿಯಾದದ್ದು ನನ್ನ ಶನಿವಾರಗಳು. ವಾರದಲ್ಲಿ ಐದು ದಿನ ನಾನು ಅಬುಧಾಬಿಗೆ ಹೋಗುತ್ತೇನೆ. ಉಳಿದ ಎರಡರಲ್ಲಿ ಒಂದು ದಿನ ಮಾವ ನನ್ನನ್ನು ಎಬ್ಬಿಸಿ ಎಲ್ಲಿಗೆ ಕರೆದುಕೊಂಡು ಹೋದರು? ಅಬುಧಾಬಿಗೆ! ಅದೇ ಬಸ್ಸು, ಅದೇ ಎಲೆಕ್ಟ್ರಾ ಸ್ಟ್ರೀಟು. ಅಲ್ಲಿ ಎಲೆಕ್ಟ್ರಾನಿಕ್ ಅಂಗಡಿಗಳು ಸಾಲಾಗಿವೆ, ಮೂರು ಕೊಟೇಶನ್ ಒಂದೇ ಬೀದಿಯಲ್ಲಿ ಸಿಗುತ್ತದೆ ಎಂಬುದು ಅವರ ವಾದ. "ನಿಂಗೆ ದಾರಿ ಗೊತ್ತುಂಟಲ್ಲ" ಎಂಬುದು ನನ್ನನ್ನು ಎಳೆದುಕೊಂಡು ಹೋಗಲು ಕೊಟ್ಟ ಕಾರಣ.

ಮೊದಲ ಎರಡು ಅಂಗಡಿ ಬೇಗ ಮುಗಿದವು. ಮೂರನೆಯ ಅಂಗಡಿಯವರು ಕಾಸರಗೋಡಿನವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಅದೇ ತೊಂದರೆಯಾದದ್ದು. ಕನ್ನಡ ಸಿಕ್ಕಿದ ಕೂಡಲೇ ಮಾವ ಕುರ್ಚಿ ಎಳೆದುಕೊಂಡು ಕೂತರು. ಎಷ್ಟು ದೂರದಿಂದ ಹಿಡಿಯುತ್ತದೆ, ಕತ್ತಲಲ್ಲಿ ಹೇಗೆ, ಮರಳು ನುಗ್ಗಿದರೆ ಏನು? ಅಂಗಡಿಯವರು ತಾಳ್ಮೆಯಿಂದ ಉತ್ತರಿಸಿ, ಒಂದು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಚಾಲೂ ಮಾಡಿದರು.

"ಮನುಷ್ಯರನ್ನು ಹಿಡೀತದೆ, ಸರಿ," ಎಂದರು ಮಾವ. "ಮೊಲವನ್ನು ಹಿಡೀತದಾ?"

"ಹಿಡೀತದೆ ಸಾರ್."

"ಅದು ನಿಮ್ಮ ಬಾಯಿ ಮಾತು."

ಇಷ್ಟು ಹೇಳಿ ನನ್ನ ಮಾವ, ಮೊಮ್ಮಕ್ಕಳನ್ನು ಕಾಣುವ ವಯಸ್ಸಿನವರು, ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ, ಆ ಅಂಗಡಿಯ ನೆಲದ ಮೇಲೆ ಮಂಡಿಯೂರಿ ಕೂತರು. ಕೈ ಎರಡನ್ನೂ ಎದೆಗೆ ಒತ್ತಿಕೊಂಡರು. ಕ್ಯಾಮೆರಾದ ಮುಂದೆ ಎಡದಿಂದ ಬಲಕ್ಕೆ ಕುಪ್ಪಳಿಸಿಕೊಂಡು ಹೋದರು. ಚಾರ್ಜರ್ ಕೇಳಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತ.

"ಸಾರ್," ಎಂದರು ಅಂಗಡಿಯವರು, "ಮೊಲ ಇಷ್ಟು ದೊಡ್ಡದು ಇರುದಿಲ್ಲ."

"ಹಾಗಾದ್ರೆ ಜಿಂಕೆ ಅಂತ ಹಿಡ್ಕೊಳ್ಳಿ. ನೀನು ಬಾ ಮಾರಾಯ್ತಿ, ನೀನು ಸಪೂರ ಉಂಟು, ಮೊಲ ಆಗು."

ನಾನು ಪದವೀಧರೆ. ಸೋಮವಾರದಿಂದ ಶುಕ್ರವಾರದವರೆಗೆ ಆ ಬೀದಿಯಲ್ಲಿ ಕೊರಳಿಗೆ ಆಫೀಸಿನ ಕಾರ್ಡು ನೇತುಹಾಕಿಕೊಂಡು ಗಂಭೀರವಾಗಿ ಓಡಾಡುವವಳು. ಮೊಲವಾಗುವುದಿಲ್ಲ ಎಂದೆ. ಮಾವ ಮತ್ತೊಮ್ಮೆ ತಾವೇ ಬಲದಿಂದ ಎಡಕ್ಕೆ ಕುಪ್ಪಳಿಸಿದರು. ಫೋಟೋ ಬಹಳ ಸ್ಪಷ್ಟವಾಗಿ ಬಂದಿತ್ತು. ಅಲ್ಲಿಗೆ ಕ್ಯಾಮೆರಾ ತೀರ್ಮಾನವಾಯಿತು.

ಉಳಿದದ್ದು ಬ್ಯಾಟರಿ. ಒಂದು ಕ್ಯಾಮೆರಾಕ್ಕೆ ಪೆನ್ಸಿಲ್ ಸೆಲ್ಲಿನಂಥ ಎಂಟು ಬ್ಯಾಟರಿ ಬೇಕು. ಮೂರು ಬಗೆ ಇದ್ದವು: ಮಾಮೂಲಿ ಆಲ್ಕಲೈನ್, ಚಾರ್ಜ್ ಮಾಡಿ ಮತ್ತೆ ಹಾಕುವಂಥದ್ದು, ಮತ್ತು ದುಬಾರಿಯ ಲಿಥಿಯಂ.

"ಲಿಥಿಯಂ ಹಾಕಿ ಸಾರ್," ಎಂದರು ಅಂಗಡಿಯವರು. "ಮರಳುಗಾಡಿನ ಚಳಿಗೆ ಬೇರೆ ಎಲ್ಲ ಬೇಗ ಸೋಲ್ತದೆ. ಎರಡು ವಾರ ಆದ ಮೇಲೆ ಹೋಗಿ ನೋಡಿದ್ರೆ ಕ್ಯಾಮೆರಾ ಸತ್ತಿರ್ತದೆ."

"ನೀವು ಹೇಳಿದ್ದು ಒಂದು ಕೊಟೇಶನ್," ಎಂದರು ಮಾವ. "ನಾನು ಪರೀಕ್ಷೆ ಮಾಡ್ತೇನೆ."

ಹೀಗೆ ಮೂರು ಕ್ಯಾಮೆರಾ ನಮ್ಮ ಮನೆಗೆ ಬಂದವು. ಆಲ್ಕಲೈನ್ ಹಾಕಿದ್ದನ್ನು ಬಾಲ್ಕನಿಗೆ ಕಟ್ಟಿದರು, ಪಾರಿವಾಳಗಳಿಗೆ. ಚಾರ್ಜಿನದ್ದು ಅಡುಗೆಮನೆಗೆ. ಲಿಥಿಯಂ ಹಾಕಿದ್ದನ್ನು ಒಳಗಿನ ಕಪಾಟಿನ ಮೇಲೆ, ಹೊರಬಾಗಿಲಿಗೆ ಮುಖ ಮಾಡಿ ಇಟ್ಟರು. ಯಾವ ಬ್ಯಾಟರಿ ಹೆಚ್ಚು ದಿನ ಬಾಳುತ್ತದೋ ಅದು ಪಾಸ್.

ಮಾರನೆಯ ಬೆಳಗ್ಗೆ ಅಡುಗೆಮನೆಯಿಂದ ಅತ್ತೆಯ ಧ್ವನಿ ಬಂತು. "ನನ್ನನ್ನು ಕಾಡುಹಂದಿ ಅಂತ ಮಾಡಿದ್ದೀರಾ? ದೋಸೆ ಎರೆಯುವಾಗ ಹಿಂದಿನಿಂದ ಕೆಂಪು ಲೈಟ್ ಮಿಣಕ್ ಅಂತದೆ."

"ನೀನು ಅಲ್ಲಿ ಇಲ್ಲ ಅಂತ ಎಣಿಸಿ ಕೆಲಸ ಮಾಡು."

"ಮೂವತ್ತು ವರ್ಷದಿಂದ ನೀವು ಅದನ್ನೇ ಮಾಡ್ತಾ ಇದ್ದೀರಿ. ನಂಗೆ ಅಭ್ಯಾಸ ಇಲ್ಲ."

ಮೂರನೆಯ ದಿನ ಮಾವ ಅಡುಗೆಮನೆಯ ಕ್ಯಾಮೆರಾದ ಕಾರ್ಡನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಸಿದರು. ಮೂವರೂ ಸುತ್ತ ಕೂತೆವು. ಸೌಟು ಹಿಡಿದ ಅತ್ತೆಯ ಅರ್ಧ ಮುಖ, ಬರೀ ಸೌಟು, ಕುಕ್ಕರಿನ ಹತ್ತಿರ ಬಾಗಿದ ನಾನು. ಆಮೇಲೆ ಸಂಜೆ ಆರರ ಒಂದು ಸರಣಿ. ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ಒಂದು ಬೆನ್ನು ಫ್ರಿಜ್ಜಿನ ಬಾಗಿಲು ತೆರೆಯುತ್ತದೆ. ಒಂದು ಕೈ ಹಲ್ವದ ಡಬ್ಬಿ ತೆಗೆಯುತ್ತದೆ. ಒಂದು ಬಾಯಿ ತೆರೆಯುತ್ತದೆ. ಮಾವನಿಗೆ ಸಕ್ಕರೆ ಕಾಯಿಲೆ. ಹಲ್ವ ನನಗೆಂದು ತಂದಿಟ್ಟದ್ದು.

ಅತ್ತೆ ಪರದೆಯನ್ನು ಹತ್ತಿರದಿಂದ ನೋಡಿದರು. "ಸೀಸನ್ ಶುರುವಾಗುವ ಮೊದ್ಲೇ ಬೇಟೆ ಸಿಕ್ಕಿತು," ಎಂದರು.

ಮಾವ ಎದ್ದು ನಿಂತರು. "ಇನ್ನು ಮುಂದೆ ಫೋಟೋ ಯಾರೂ ನೋಡ್ಲಿಕ್ಕಿಲ್ಲ. ಪರೀಕ್ಷೆ ಬ್ಯಾಟರಿಯದ್ದು, ಫೋಟೋದ್ದಲ್ಲ."

ಈ ಕಾನೂನನ್ನು ನೆನಪಿಡಿ. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಯಾಕೆಂದರೆ ಮೊದಲು ಸತ್ತದ್ದು ಲಿಥಿಯಂ! ವಾರಗಟ್ಟಲೆ ಬಾಳಬೇಕಾದ ದುಬಾರಿ ಬ್ಯಾಟರಿ ಒಂದು ವಾರದೊಳಗೆ ಖಾಲಿ. ಅಡುಗೆಮನೆಯ ಚಾರ್ಜಿನದ್ದು ಹತ್ತು ದಿನಕ್ಕೆ ಸೋತಿತು, ಬಾಲ್ಕನಿಯ ಆಲ್ಕಲೈನ್ ಮಾತ್ರ ಪಾರಿವಾಳಗಳ ಮಧ್ಯೆ ಗಟ್ಟಿಯಾಗಿ ಕೂತಿತ್ತು. ಮಾವ ಲಿಥಿಯಮ್ಮಿನ ಎರಡನೆಯ ಸೆಟ್ ಹಾಕಿದರು. ಸತ್ತಿತು. ಮೂರನೆಯದನ್ನು ಹಾಕಿದರು. ಹೆದ್ದಾರಿಯಲ್ಲಿ ಮಂಜು ಮುಸುಕಿ ಬಸ್ಸುಗಳೆಲ್ಲ ತಡವಾದ ಆ ವಾರ ಅದು ಇನ್ನೂ ಬೇಗ ಸತ್ತಿತು. ಮಾವ ಅಂಗಡಿಯವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಬ್ಯಾಟರಿ ಸರಿ ಉಂಟು ಸಾರ್. ಕ್ಯಾಮೆರಾದ ಎದುರು ಯಾರೋ ದಿನಾ ಡ್ಯಾನ್ಸ್ ಮಾಡ್ತಾ ಇದ್ದಾರೆ."

"ಅದು ಹೊರಬಾಗಿಲು ಮಾರಾಯ್ರೆ. ದಿನಕ್ಕೆ ಮೂರು ಜನ ಹೋಗ್ತೇವೆ, ಮೂರು ಜನ ಬರ್ತೇವೆ. ಅಷ್ಟಕ್ಕೆ ಸಾಯುವ ಬ್ಯಾಟರಿ ಎಂತಕ್ಕೆ?" ಎಂದು ಮಾವ ಫೋನಿಟ್ಟರು. ನನ್ನ ಕಡೆ ತಿರುಗಿ, "ಮೂರು ಸಲ ಫೇಲ್ ಆದದ್ದು ಫೇಲೇ. ಆಲ್ಕಲೈನ್ ಆರ್ಡರ್ ಮಾಡ್ತೇನೆ," ಎಂದರು.

ನನಗೆ ರಕ್ತ ಕುದಿಯಿತು. ನಾನು ಲೆಕ್ಕ ಇಡುವವಳು. ನನ್ನ ಕಣ್ಣ ಮುಂದೆ ಇಂಥ ಅನ್ಯಾಯದ ಪರೀಕ್ಷೆಯೇ? ಮೂರು ಬ್ಯಾಟರಿಯನ್ನು ಮೂರು ಬೇರೆ ಬೇರೆ ಕಡೆ ಇಟ್ಟು ಹೋಲಿಸುವುದು ಯಾವ ನ್ಯಾಯ? ಜಾಗ ಬದಲಾಯಿಸಬೇಕು ಎಂದು ವಾದಿಸಿದೆ. ಮೈದಾನದ ಚಳಿಗೆ ಆಲ್ಕಲೈನ್ ನಿಲ್ಲುವುದಿಲ್ಲ, ಅರ್ಬಾಬ್ ವಾಪಸ್ ಕಳಿಸುತ್ತಾರೆ ಎಂದೆ.

"ವಾಪಸ್" ಎಂಬ ಮಾತಿಗೆ ಮಾವನ ಮುಖ ಸಣ್ಣದಾಯಿತು. "ಬದಲಾಯಿಸ್ಲಿಕ್ಕೆ ಇನ್ನು ಸಮಯ ಇಲ್ಲ. ಸೋಮವಾರ ಆರ್ಡರ್ ಹೋಗ್ಬೇಕು. ಮೂವತ್ತು ವರ್ಷ ಈ ಪದ್ಧತಿ ನನ್ನ ಕೈ ಬಿಡ್ಲಿಲ್ಲ, ಈಗ ಬಿಡುದಿಲ್ಲ," ಎಂದರು. ಆದರೆ ಧ್ವನಿಯಲ್ಲಿ ಆ ಹಳೆಯ ಗತ್ತು ಇರಲಿಲ್ಲ.

ಕಳೆದ ಶನಿವಾರ ಬೆಳಗ್ಗೆ ಮಾವ ಕೊತ್ತಂಬರಿ ಸೊಪ್ಪಿಗೆ ಹೋದರು. ಮೂರು ಅಂಗಡಿ, ಸಮಯವಿತ್ತು. ನಾನು ಅವರ ಕಾನೂನನ್ನು ಮುರಿದು, ಬಾಗಿಲ ಕ್ಯಾಮೆರಾದ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ನನ್ನ ವಾದಕ್ಕೆ ಸಾಕ್ಷಿ ಬೇಕಿತ್ತು, ಅಷ್ಟೆ. ಲಿಫ್ಟಿಗೆ ಓಡಾಡುವವರೋ ಪಕ್ಕದ ಮನೆಯ ಬೆಕ್ಕೋ ಏನೋ ಇದ್ದೀತು ಎಂದುಕೊಂಡಿದ್ದೆ.

ಫೋಟೋಗಳು ಸಾವಿರಗಟ್ಟಲೆ ಇದ್ದವು. ಪ್ರತಿಯೊಂದರ ಕೆಳಗೆ ತಾರೀಕು, ಗಂಟೆ; ಕ್ಯಾಮೆರಾ ನನ್ನ ಪಂಗಡದ್ದೇ. ಹಗಲಿನವು ಕೆಲವೇ. ನಾನು ಹೊರಡುವುದು, ಮಾವ ಹೊರಡುವುದು, ಮಧ್ಯಾಹ್ನದ ಮೇಲೆ ಅತ್ತೆ. ಉಳಿದವೆಲ್ಲ ಸಂಜೆಯವು. ಎಲ್ಲದರಲ್ಲೂ ಒಂದೇ ಪ್ರಾಣಿ.

ಏಳು ಗಂಟೆಗೆ ಮಾವ ಬಾಗಿಲ ಹತ್ತಿರ ಬರುತ್ತಾರೆ. ಹೊರಗೆ ನೋಡುವ ಗಾಜಿನ ತೂತಿಗೆ ಕಣ್ಣಿಡುತ್ತಾರೆ. ಕನ್ನಡಕ ಬಾಗಿಲಿಗೆ ತಾಗುತ್ತದೆ, ತೆಗೆದು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಡುತ್ತಾರೆ. ಮತ್ತೆ ಕಣ್ಣಿಡುತ್ತಾರೆ. ಹಿಂದೆ ಹೋಗುತ್ತಾರೆ, ಬರುತ್ತಾರೆ. ಬಾಗಿಲು ತೆರೆದು ಲಿಫ್ಟಿನ ಕಡೆ ತಲೆ ಹಾಕುತ್ತಾರೆ, ಮುಚ್ಚುತ್ತಾರೆ. ಗಡಿಯಾರ ನೋಡುತ್ತಾರೆ. ಫೋನು ತೆಗೆದು, ಹೆಬ್ಬೆರಳು ಅದರ ಮೇಲೆ ಇಟ್ಟು, ಒತ್ತದೆ ಜೇಬಿಗೆ ಹಾಕುತ್ತಾರೆ. ಮಂಜು ಮುಸುಕಿದ ಆ ವಾರದ ಒಂದು ಸಂಜೆ ಅವರು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಕೂತಿದ್ದಾರೆ, ಬಾಗಿಲಿಗೆ ಬೆನ್ನು ಕೊಟ್ಟು. ಒಂದೇ ಭಂಗಿಯಲ್ಲಿ, ಕೈ ಮಾತ್ರ ಅಲುಗಾಡುತ್ತ, ಎಷ್ಟೊಂದು ಫೋಟೋಗಳು.

ನಾನು ಬರುವ ಹೊತ್ತಿನ ಎರಡು ಫೋಟೋ ಪ್ರತಿ ಸಂಜೆಯೂ ಒಂದೇ ಥರ. ಮೊದಲನೆಯದರಲ್ಲಿ ಮಸುಕಾದ ಒಂದು ಮೈ ಸೋಫಾದ ಕಡೆ ಓಡುತ್ತಿದೆ, ಒಂದು ಚಪ್ಪಲಿ ಗಾಳಿಯಲ್ಲಿದೆ. ಎರಡನೆಯದರಲ್ಲಿ ಬಾಗಿಲು ತೆರೆದಿದೆ, ಸಿಟ್ಟಿನ ಮುಖ ಹೊತ್ತ ನಾನು ನಿಂತಿದ್ದೇನೆ, ಮೂಲೆಯಲ್ಲಿ ಅಗಲವಾಗಿ ಬಿಡಿಸಿದ ಪತ್ರಿಕೆಯ ಅಂಚು. ಕನ್ನಡಕ ನನ್ನ ಪಕ್ಕದಲ್ಲೇ, ಚಪ್ಪಲಿ ಸ್ಟ್ಯಾಂಡಿನ ಮೇಲಿದೆ.

ಕೊತ್ತಂಬರಿ ಸೊಪ್ಪಿಗೂ ಲೆಕ್ಕ ಇಡುವ ಮನುಷ್ಯ ಇದೊಂದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಾಗಿಲ ಹತ್ತಿರ ಒಂದು ಗಳಿಗೆ ನಿಂತೆ ಎಂದೇ ಅವರು ತಿಳಿದಿದ್ದರೋ ಏನೋ.

ಮಾವ ಸೊಪ್ಪು ಹಿಡಿದು ಬರುವಷ್ಟರಲ್ಲಿ ಕಾರ್ಡನ್ನು ವಾಪಸ್ ಹಾಕಿದ್ದೆ.

"ಮಾವ, ಲಿಥಿಯಮ್ಮೇ ಆರ್ಡರ್ ಮಾಡಿ," ಎಂದೆ. "ಬ್ಯಾಟರಿ ಸರಿ ಉಂಟು. ಲಿಫ್ಟಿನ ಬೆಳಕು ಬಾಗಿಲ ಸಂದಿಯಿಂದ ಒಳಗೆ ಬಿದ್ದು ಕ್ಯಾಮೆರಾ ಮೋಸ ಹೋಗಿದೆ."

ಇದು ಶುದ್ಧ ಸುಳ್ಳು. ಆ ಕ್ಯಾಮೆರಾ ಬೆಳಕಿಗಲ್ಲ, ಬಿಸಿ ಮೈಗೆ ಮಾತ್ರ ಎಚ್ಚರಾಗುತ್ತದೆ ಎಂಬುದನ್ನು ಎಲೆಕ್ಟ್ರಾ ಸ್ಟ್ರೀಟಿನಲ್ಲಿ ನನಗೆ ಪಾಠ ಮಾಡಿದವರೇ ಮಾವ. ಅವರು ನನ್ನನ್ನು ನೋಡಿದರು. ಕಪಾಟಿನ ಮೇಲಿನ ಕ್ಯಾಮೆರಾವನ್ನು ನೋಡಿದರು. ಕೊತ್ತಂಬರಿ ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಲಿಫ್ಟಿನ ಬೆಳಕಾ?"

"ಹೌದು ಮಾವ."

"ಇರ್ಬಹುದು," ಎಂದರು. "ಇರ್ಬಹುದು. ನೀನು ಹೇಳ್ತಿ ಅಂದ್ರೆ ಸರಿ."

ಕೂತರು, ಆರ್ಡರ್ ಬರೆದರು, ಸಹಿ ಹಾಕಿದರು. ಇನ್ನೆರಡು ಅಭಿಪ್ರಾಯ ಕೇಳಲಿಲ್ಲ. ಪರ್ಚೇಸ್ ಆಫೀಸರಾಗಿ ನನ್ನ ಮಾವ ಒಂದೇ ಕೊಟೇಶನ್ನಿಗೆ ಕೊಂಡ ಮೊದಲ ಮತ್ತು ಕೊನೆಯ ಸಾಮಾನು ಅದು.

ಅಂದು ರಾತ್ರಿ ಅತ್ತೆಗೆ ಮಾತ್ರ ಹೇಳಿದೆ. ಅವರು ಪಾತ್ರೆ ತೊಳೆಯುವುದನ್ನು ನಿಲ್ಲಿಸಲೂ ಇಲ್ಲ.

"ನಿಂಗೆ ಈಗ ಗೊತ್ತಾದದ್ದಾ? ನೀನು ರೂಮು ಸೇರಿದ ಮೇಲೆ ನಾನು ಕೆಲಸ ಮುಗಿಸಿ ಬರುವಾಗ ಲಿಫ್ಟಿನ ಹತ್ತಿರ ಎರಡು ಸಲ ಕೆಮ್ಮುದು ಎಂತಕ್ಕೆ ಅಂತ ತಿಳ್ಕೊಂಡಿದ್ದಿ? ಅವರಿಗೆ ಓಡ್ಲಿಕ್ಕೆ ಸಮಯ ಬೇಕಲ್ಲ."

ಮೊನ್ನೆ ಗುರುವಾರ ಬೇಟೆ ಮೈದಾನದಿಂದ ಅರ್ಬಾಬ್ ಒಂದು ಫೋಟೋ ಕಳಿಸಿದ್ದಾರೆ. ನೀರಿನ ತೊಟ್ಟಿಯ ಹತ್ತಿರ ಒಂದು ಮೊಲ, ಕಿವಿ ನಿಮಿರಿಸಿ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದೆ. ಮಾವ ಅದನ್ನು ಎಲ್ಲರಿಗೂ ತೋರಿಸುತ್ತಿದ್ದಾರೆ. ಫೈಲಿನಲ್ಲಿ ರಿಟರ್ನ್ ಇಲ್ಲ.

ನಿನ್ನೆ ಸಂಜೆ ನನ್ನ ಬಸ್ ತಡವಾಯಿತು. ಲಿಫ್ಟಿನಿಂದ ಹೊರಗೆ ಬಂದು ನಾನು ಎರಡು ಸಲ ಕೆಮ್ಮಿದೆ. ಸ್ವಲ್ಪ ಹೊತ್ತು ಬಿಟ್ಟು ಬೀಗಕ್ಕೆ ಕೀಲಿ ಹಾಕಿದೆ. ಸೋಫಾದಲ್ಲಿ ಪತ್ರಿಕೆ, ಅದರ ಹಿಂದೆ ಸಣ್ಣಗೆ ಏದುಸಿರು.

"ಬಾಗಿಲು ಹಾಕು. ಎ.ಸಿ. ಹೋಗ್ತದೆ."

ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಎ.ಸಿ. ಹಾಕುವುದೇ ಇಲ್ಲ. ಬಾಗಿಲು ಹಾಕಿದೆ. ಕನ್ನಡಕವನ್ನು ಚಪ್ಪಲಿ ಸ್ಟ್ಯಾಂಡಿನಿಂದ ತೆಗೆದು ಅವರ ಪಕ್ಕದಲ್ಲಿಟ್ಟೆ. ಆರೋಪ ಬರಲಿಲ್ಲ.

ಜನವರಿಯಲ್ಲಿ ಅವರು ಹೊರಟ ಮೇಲೆ ನಾನು ಅಬುಧಾಬಿಯಲ್ಲಿ ರೂಮು ಹಿಡಿಯಲೇಬೇಕು. ಈಗ ಯಾರೂ ಫೇಲ್ ಮಾಡುವವರಿಲ್ಲ. ಆದ್ದರಿಂದ ಇದನ್ನು ಓದುವವರಲ್ಲಿ ಒಂದು ಕೇಳಿಕೆ. ಸಂಜೆ ಬಸ್ ತಡವಾದರೆ ಬಾಗಿಲ ಹಿಂದೆ ಯಾರಾದರೂ ಓಡಾಡುವ ಮನೆಯಲ್ಲಿ ಒಂದು ರೂಮು ಖಾಲಿ ಇರುವುದು ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಕಿಟಕಿ, ಲಿಫ್ಟ್ ಹೇಗಿದ್ದರೂ ಸರಿ. ಮೂರು ಜನ ಬರೆದರೆ ಉಪಕಾರ. ಮಾವ ಕೇಳಿಯೇ ಕೇಳುತ್ತಾರೆ.